ಆಯಿ ಕೊಟ್ಟ ಕಿಡ್ನಿ, ಅಣ್ಣನ ಜ್ವರ, ‘ಹರ್ಪಿಸ್’ ಎಂಬ ಹೆಸರು

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸಿರ್ಸಿ ತಾಲೂಕಿನ ಒಂದು ಹಳ್ಳಿ. ನನ್ನ ಅಣ್ಣನಿಗೆ 34 ವರ್ಷ. ಐದು ತಿಂಗಳ ಹಿಂದೆ ಕಿಡ್ನಿ ಕಸಿ ಆಯಿತು. ಕಿಡ್ನಿ ಕೊಟ್ಟವಳು ನಮ್ಮ ಆಯಿ, ಅಂದರೆ ಹೆತ್ತಮ್ಮ. ಮೊದಲ ಮೂರು ತಿಂಗಳು ವೈರಸ್ ತಡೆಯುವ ವ್ಯಾಲ್‌ಗ್ಯಾನ್‌ಸೈಕ್ಲೋವಿರ್ ಮಾತ್ರೆ ಇತ್ತು, ಆಮೇಲೆ ನಿಲ್ಲಿಸಿದರು. ಕಳೆದ ವಾರ ಜ್ವರ, ಭೇದಿ ಶುರುವಾಯಿತು. ಬಿಳಿ ರಕ್ತಕಣ 2,300ಕ್ಕೆ ಇಳಿದಿತ್ತು. ಇಲ್ಲಿ ಡೆಂಗ್ಯೂ, ಮಂಗನ ಕಾಯಿಲೆ ಎರಡನ್ನೂ ಪರೀಕ್ಷೆ ಮಾಡಿದರು. ಎರಡೂ ಇಲ್ಲ ಎಂದು ಬಂತು. ಕಸಿ ಮಾಡಿದ ಆಸ್ಪತ್ರೆಗೆ ಹೋದ ಮೇಲೆ ‘ರಕ್ತದಲ್ಲಿ ಸಿಎಂವಿ ವೈರಸ್ 18,600 ಇದೆ’ ಎಂದು ಹೇಳಿ ಅದೇ ಮಾತ್ರೆಯನ್ನು ದಿನಕ್ಕೆ ಎರಡು ಸಲ ಶುರು ಮಾಡಿದ್ದಾರೆ. ಅದು ಹರ್ಪಿಸ್ ಜಾತಿಯ ವೈರಸ್ ಅಂತೆ. ನೆಂಟರೊಬ್ಬರು ಮೊಬೈಲಿನಲ್ಲಿ ಓದಿ ‘ಹರ್ಪಿಸ್ ಅಂದ್ರೆ ಗುಪ್ತರೋಗ, ಅದರಿಂದ ಕ್ಯಾನ್ಸರೂ ಆಗ್ತದೆ’ ಅಂದುಬಿಟ್ಟರು. ಅಂದಿನಿಂದ ಅತ್ತಿಗೆ ಅಣ್ಣನ ಹತ್ತಿರ ಮಾತು ಬಿಟ್ಟಿದ್ದಾಳೆ. ‘ನನ್ನ ಕಿಡ್ನಿಯಿಂದಲೇ ಬಂತಾ’ ಎಂದು ಆಯಿ ಅಳುತ್ತಾಳೆ. ನಾನು ಐದು ತಿಂಗಳ ಬಸುರಿ, ತವರಿನಲ್ಲಿದ್ದೇನೆ. ಅಣ್ಣನ ಮಾತ್ರೆಗಳನ್ನು ದಿನಾ ಡಬ್ಬಿಗೆ ತುಂಬಿಡುವವಳು ನಾನೇ. ಇದು ವಾಸಿಯಾಗುತ್ತದಾ? ಕ್ಯಾನ್ಸರ್ ಆಗುತ್ತದಾ? ನನಗೇನಾದರೂ ತೊಂದರೆ ಇದೆಯಾ?

ಉತ್ತರ: ಮೊದಲು ಅತ್ತಿಗೆಯನ್ನು ಕರೆದು ಕೂರಿಸಿಕೊಳ್ಳಿ. ಉಳಿದದ್ದನ್ನು ಆಮೇಲೆ ನೋಡೋಣ. ಈ ಮುಂದಿನ ಎರಡು ಪ್ಯಾರಾವನ್ನು ಅವರಿಗೆ ಓದಿ ಹೇಳಿ.

ಹರ್ಪಿಸ್ ಎಂಬುದು ಒಂದು ರೋಗದ ಹೆಸರಲ್ಲ, ಒಂದು ಮನೆತನದ ಹೆಸರು. ಮನುಷ್ಯರಿಗೆ ಅಂಟುವ ಎಂಟು ವೈರಸ್‌ಗಳು ಈ ಮನೆತನದಲ್ಲಿವೆ. ಆರನೆಯದರಲ್ಲಿ ಎರಡು ಬಗೆ ಇರುವುದರಿಂದ ಕೆಲವರು ಒಂಬತ್ತು ಎಂದು ಎಣಿಸುತ್ತಾರೆ. ಜ್ವರ ಬಂದು ಬಿಟ್ಟ ಮೇಲೆ ತುಟಿಯ ಅಂಚಿನಲ್ಲಿ ಏಳುವ ನೀರುಗುಳ್ಳೆ ಮೊದಲನೆಯದರಿಂದ ಬರುತ್ತದೆ. ನಿಮ್ಮ ನೆಂಟರು ಓದಿದ ಗುಪ್ತರೋಗ ಎರಡನೆಯದರಿಂದ, ಕೆಲವೊಮ್ಮೆ ಮೊದಲನೆಯದರಿಂದಲೂ ಬರುತ್ತದೆ. ಮಕ್ಕಳಿಗೆ ಬರುವ ಚಿಕನ್‌ಪಾಕ್ಸ್, ಅಂದರೆ ನಮ್ಮವರು ‘ಅಮ್ಮ ಬಂದಿದೆ’ ಅನ್ನುವುದು, ಮೂರನೆಯದರ ಕೆಲಸ. ಅದೇ ವೈರಸ್ ವಯಸ್ಸಾದ ಮೇಲೆ ಸರ್ಪಸುತ್ತಾಗಿ ಏಳುತ್ತದೆ. ಗ್ರೀಕ್ ಭಾಷೆಯಲ್ಲಿ ‘ಹರ್ಪಿಸ್’ ಎಂದರೆ ಹರಿದಾಡುವುದು. ನಮ್ಮ ‘ಸರ್ಪ’ ಮತ್ತು ಅವರ ‘ಹರ್ಪಿಸ್’ ಒಂದೇ ಬೇರಿನಿಂದ ಹುಟ್ಟಿದ ಮಾತುಗಳು. ವೈದ್ಯರು ‘ಹರ್ಪಿಸ್ ಜೋಸ್ಟರ್’ ಎಂದು ಬರೆದದ್ದನ್ನು ನಿಮ್ಮ ಅಜ್ಜಿ ‘ಸರ್ಪಸುತ್ತು’ ಎಂದರೆ ಅರ್ಥದಲ್ಲಿ ಕೂದಲೆಳೆ ವ್ಯತ್ಯಾಸವಿಲ್ಲ. ಸರ್ಪಸುತ್ತು ಬಂದವರನ್ನು ನೋಡಿ ಯಾರಾದರೂ ಶೀಲ ಶಂಕಿಸುತ್ತಾರಾ?

ನಿಮ್ಮ ಅಣ್ಣನ ರಕ್ತದಲ್ಲಿ ಕಂಡದ್ದು ಈ ಮನೆತನದ ಐದನೆಯ ವೈರಸ್, ಸೈಟೋಮೆಗಾಲೋ. ಚಿಕ್ಕದಾಗಿ ಸಿಎಂವಿ. ನಮ್ಮ ದೇಶದಲ್ಲಿ ದೊಡ್ಡವರ ರಕ್ತ ಪರೀಕ್ಷೆ ಮಾಡಿದರೆ ಹತ್ತರಲ್ಲಿ ಒಂಬತ್ತು ಮಂದಿಗಿಂತ ಜಾಸ್ತಿ ಜನರಲ್ಲಿ ಇದರ ಗುರುತು ಸಿಗುತ್ತದೆ. ನಿಮ್ಮಲ್ಲಿ, ನನ್ನಲ್ಲಿ, ಅತ್ತಿಗೆಯಲ್ಲಿ, ಆ ನೆಂಟರಲ್ಲಿ, ಎಲ್ಲರಲ್ಲೂ ಇದ್ದಿರಬಹುದು. ಎದೆಹಾಲು, ಜೊಲ್ಲು, ಮಗುವಿನ ಮೂತ್ರ, ಇಂಥವುಗಳ ಮೂಲಕ ಚಿಕ್ಕಂದಿನಲ್ಲೇ ಬರುತ್ತದೆ. ಬಂದಾಗ ಗೊತ್ತೂ ಆಗುವುದಿಲ್ಲ. ಒಂದೆರಡು ದಿನ ಮೈ ಬಿಸಿಯಾಗಿ ಹೋಗಿರುತ್ತದೆ, ಅಷ್ಟೇ. ಆಮೇಲೆ ಮೂಳೆಯ ಮಜ್ಜೆಯಲ್ಲಿ, ರಕ್ತಕಣಗಳು ಹುಟ್ಟುವ ಜಾಗದಲ್ಲಿ, ಸದ್ದಿಲ್ಲದೆ ಕೂತುಬಿಡುತ್ತದೆ. ಒಮ್ಮೆ ಬಂದ ಮೇಲೆ ಸಾಯುವ ತನಕ ಮೈಬಿಟ್ಟು ಹೋಗದಿರುವುದು ಈ ಇಡೀ ಮನೆತನದ ಗುಣ. ಹಾಗಾಗಿ ಈ ರಿಪೋರ್ಟ್ ನೋಡಿ ಅಣ್ಣನ ಬಗ್ಗೆ ಸಂಶಯಪಡಲು ಕಾರಣವೇ ಇಲ್ಲ.

ಈಗ ಆಯಿಯ ವಿಷಯ. ‘ನನ್ನ ಕಿಡ್ನಿಯಿಂದ ಬಂತಾ’ ಎಂಬ ಪ್ರಶ್ನೆಗೆ ಸುಮ್ನೆ ಸಮಾಧಾನದ ಮಾತು ಹೇಳಿ ಮುಗಿಸುವುದು ನನಗೆ ಇಷ್ಟವಿಲ್ಲ. ಇದ್ದದ್ದನ್ನೇ ಹೇಳುತ್ತೇನೆ. ವೈರಸ್ ಕಿಡ್ನಿಯ ಜೊತೆ ಬರಬಹುದು, ಹೌದು. ಅಣ್ಣನ ಮೈಯಲ್ಲಿ ಮೊದಲೇ ಮಲಗಿದ್ದದ್ದು ಎದ್ದಿರಲೂಬಹುದು. ಯಾವುದು ಎಂದು ದಿನನಿತ್ಯದ ಪರೀಕ್ಷೆಯಲ್ಲಿ ತಿಳಿಯುವುದಿಲ್ಲ. ಕಸಿಗೆ ಮುಂಚೆ ಇಬ್ಬರಿಗೂ ವೈರಸ್ ಮೊದಲೇ ಮೈಗೆ ಬಂದಿತ್ತಾ ಎಂದು ತೋರಿಸುವ ಸಿಎಂವಿ ಐಜಿಜಿ ಎಂಬ ರಕ್ತ ಪರೀಕ್ಷೆ ಆಗಿರುತ್ತದೆ, ಹಳೇ ಫೈಲಿನಲ್ಲಿ ಹುಡುಕಿ. ಇಬ್ಬರದ್ದೂ ‘ಪಾಸಿಟಿವ್’ ಇರುವ ಸಾಧ್ಯತೆಯೇ ಜಾಸ್ತಿ. ಮೂರು ತಿಂಗಳಿಗೆ ಮಾತ್ರೆ ನಿಲ್ಲಿಸಿದ್ದು ನೋಡಿದರೂ ನನಗೆ ಹಾಗೇ ಅನ್ನಿಸುತ್ತದೆ. ಕೊಟ್ಟವರಲ್ಲಿ ವೈರಸ್ ಇದ್ದು, ಪಡೆದವರಲ್ಲಿ ಇಲ್ಲದಿದ್ದಾಗ ಅಪಾಯ ಎಲ್ಲಕ್ಕಿಂತ ಜಾಸ್ತಿ. ಅಂಥವರಿಗೆ ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ ಕೊಡುತ್ತಾರೆ. ಇಬ್ಬರಲ್ಲೂ ಇದ್ದರೆ ಅಪಾಯ ನಡುಮಟ್ಟದ್ದು.

ಇಬ್ಬರದ್ದೂ ಪಾಸಿಟಿವ್ ಆಗಿದ್ದರೆ ಆಯಿಗೆ ಒಂದು ಮಾತು ಹೇಳಿ. ಅಣ್ಣನಿಗೆ ಈ ವೈರಸ್ ಬಹುಶಃ 34 ವರ್ಷದ ಹಿಂದೆಯೇ, ಅವರ ಹಾಲು ಕುಡಿಯುವಾಗಲೇ ಬಂದಿರಬಹುದು. ನಮ್ಮ ದೇಶದಲ್ಲಿ ಹೆಚ್ಚಿನ ಮಕ್ಕಳಿಗೆ ಇದು ಬರುವ ದಾರಿಗಳಲ್ಲಿ ಅದೂ ಒಂದು. ಕಿಡ್ನಿಯಲ್ಲಿ ಇದ್ದದ್ದೂ, ಮಗನ ಮಜ್ಜೆಯಲ್ಲಿ ಇದ್ದದ್ದೂ ಒಂದೇ ವೈರಸ್ಸಿನ ಎರಡು ಪಾಲು ಆಗಿರಬಹುದು. ಇಷ್ಟು ವರ್ಷ ಅದು ಅವನಿಗೆ ಏನೂ ಮಾಡಲಿಲ್ಲ. ಆಯಿಗೂ ಏನೂ ಮಾಡುವುದಿಲ್ಲ, ಒಂದೇ ಕಿಡ್ನಿ ಇದ್ದರೂ ಸರಿ. ಅವರ ರೋಗನಿರೋಧಕ ಶಕ್ತಿ ಪೂರ್ತಿ ಇದೆ.

ಹಾಗಾದರೆ ಈಗ ಯಾಕೆ ಎದ್ದಿತು?

ಬೇರೆಯವರ ಅಂಗವನ್ನು ಮೈ ತನ್ನದೆಂದು ಒಪ್ಪುವುದಿಲ್ಲ. ಟಿ ಕಣಗಳು ಎಂಬ ಕಾವಲು ಕಣಗಳು ಅದರ ಮೇಲೆ ಬೀಳುತ್ತವೆ. ಅವನ್ನು ತಡೆಯಲು ಟ್ಯಾಕ್ರೋಲಿಮಸ್, ಮೈಕೋಫೆನೋಲೇಟ್, ಪ್ರೆಡ್ನಿಸೊಲೋನ್ ಕೊಡುತ್ತೇವೆ. ಆದರೆ ಸಿಎಂವಿಯನ್ನು ಮಲಗಿಸಿ ಇಟ್ಟಿದ್ದೂ ಅದೇ ಟಿ ಕಣಗಳು. ಈ ವೈರಸ್ಸನ್ನು ಕಾಯಲು ಮೈ ಎಷ್ಟು ದುಡಿಯುತ್ತದೆ ಗೊತ್ತಾ? ಸೋಂಕು ಇರುವ ಆರೋಗ್ಯವಂತರಲ್ಲಿ ಹಳೇ ಸೋಂಕುಗಳ ನೆನಪು ಇಟ್ಟುಕೊಂಡ ಟಿ ಕಣಗಳ ಸುಮಾರು 10ರಲ್ಲಿ 1 ಪಾಲು ಸಿಎಂವಿ ಒಂದನ್ನೇ ನೋಡಿಕೊಳ್ಳುವ ಕೆಲಸದಲ್ಲಿರುತ್ತದೆ. ಅಷ್ಟು ದೊಡ್ಡ ಕಾವಲನ್ನು ನಾವು ಮಾತ್ರೆ ಕೊಟ್ಟು ಸಡಿಲ ಮಾಡಿದ್ದೇವೆ.

ತೋಟದವರಿಗೆ ಇದನ್ನು ಅರ್ಥ ಮಾಡಿಸುವುದು ನನಗೆ ಸುಲಭ. ಅಡಿಕೆಗೆ ಕೊಳೆ ಬಾರದಿರಲಿ ಎಂದು ಮಳೆಗಾಲದ ಮೊದಲು ಬೋರ್ಡೋ ಮದ್ದು ಹೊಡೆಸುತ್ತೀರಿ. ಮದ್ದು ಗೊನೆಯ ಮೇಲೆ ಇರುವಷ್ಟು ದಿನ ಕೊಳೆ ಹತ್ತಿರ ಬರುವುದಿಲ್ಲ. ಮದ್ದು ತೊಳೆದು ಹೋಗಿ ಮಳೆ ಇನ್ನೂ ಹೊಯ್ಯುತ್ತಿದ್ದರೆ? ಎರಡನೇ ಸಲ ಹೊಡೆಸಲೇಬೇಕು, ಇಲ್ಲಾಂದ್ರೆ ದಿನಾ ಹೋಗಿ ಗೊನೆ ನೋಡುತ್ತಿರಬೇಕು. ಅಣ್ಣನ ಮೊದಲ ಮೂರು ತಿಂಗಳ ಮಾತ್ರೆ ಆ ಮೊದಲ ಮದ್ದು. ಮಳೆ ಅಂದರೆ ನಿರೋಧಕ ಶಕ್ತಿ ತಗ್ಗಿಸುವ ಗುಳಿಗೆಗಳು, ಅವು ನಿಂತಿಲ್ಲ, ನಿಲ್ಲಿಸುವ ಹಾಗೂ ಇಲ್ಲ. ಹಾಗಾಗಿ ತಡೆ ಮಾತ್ರೆ ನಿಲ್ಲಿಸಿದ ನಂತರದ ಎರಡು ಮೂರು ತಿಂಗಳು ಸಿಎಂವಿ ಏಳಲು ಹೆಸರಾದ ಕಾಲ. ಯಾರದ್ದೋ ತಪ್ಪಿನಿಂದ ಆಗಿದ್ದಲ್ಲ. ಜ್ವರ ಬಂದ ವಾರದಲ್ಲೇ ಸಿಕ್ಕಿಬಿದ್ದಿದೆ, ಅದು ನಿಜಕ್ಕೂ ಒಳ್ಳೆಯದಾಯಿತು.

ತಡವಾದರೆ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅಂಕೋಲಾ ಕಡೆಯ ಮೀನುಗಾರರೊಬ್ಬರು, ಕಸಿಯಾಗಿ ಏಳು ತಿಂಗಳಾಗಿತ್ತು. ಭೇದಿ ಎಂದು ಮೂರು ವಾರ ಗಂಜಿ, ಮಜ್ಜಿಗೆಯಲ್ಲಿ ದೂಡಿದ್ದರು. ಬಂದಾಗ ಎಂಟು ಕಿಲೋ ಇಳಿದಿದ್ದರು, ಮಲದಲ್ಲಿ ರಕ್ತ. ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ಚೂರು ಮಾಂಸ ತೆಗೆದೆವು. ಸ್ಲೈಡನ್ನು ಪೆಥಾಲಜಿಯವರು ನನಗೆ ಕರೆದು ತೋರಿಸಿದರು. ಅಕ್ಕಪಕ್ಕದ ಜೀವಕಣಗಳಿಗಿಂತ ಎರಡು ಮೂರು ಪಟ್ಟು ಉಬ್ಬಿದ ಒಂದು ಕಣ. ನಡುವೆ ಕಡು ನೇರಳೆ ಗುಂಡು, ಅದರ ಸುತ್ತ ತೆಳು ಬಿಳಿ ಬಳೆ. ನೋಡಲು ಥೇಟ್ ಗೂಬೆಯ ಕಣ್ಣು. ಸೈಟೋಮೆಗಾಲೋ ಎಂಬ ಹೆಸರು ಬಂದದ್ದೇ ಹೀಗೆ, ಕಣವನ್ನು ದೊಡ್ಡದು ಮಾಡುವ ವೈರಸ್ ಎಂದು. ಅವರಿಗೆ ಗ್ಯಾನ್‌ಸೈಕ್ಲೋವಿರ್ ಇಂಜೆಕ್ಷನ್ ಮೂರು ವಾರ ಕೊಡಬೇಕಾಯಿತು. ಹುಷಾರಾದರು, ಕಿಡ್ನಿಯೂ ಉಳಿಯಿತು. ಆದರೆ ಕಿಡ್ನಿಯ ಕೆಲಸವನ್ನು ಅಳೆಯುವ ಕ್ರಿಯಾಟಿನಿನ್ ಮೊದಲಿನ ಮಟ್ಟಕ್ಕೆ ಮರಳಲೇ ಇಲ್ಲ. ಈ ವೈರಸ್ ಕರುಳು, ಶ್ವಾಸಕೋಶ, ಲಿವರ್, ಕಣ್ಣಿನ ಪರದೆಗೆ ನೇರವಾಗಿ ಪೆಟ್ಟು ಕೊಡುವುದು ಒಂದು ಕಡೆ. ಇನ್ನೊಂದು ಕಡೆ, ಅದು ಎದ್ದು ಕೂತಿರುವಾಗ ಕಸಿ ಕಿಡ್ನಿಯನ್ನು ಮೈ ತಿರಸ್ಕರಿಸುವ ಸಂಭವವೂ, ಫಂಗಸ್‌ನಂಥ ಬೇರೆ ಸೋಂಕುಗಳೂ ಜಾಸ್ತಿಯಾಗುತ್ತವೆ.

ಇನ್ನು ಔಷಧಿ. ಇದರ ಕಥೆ ನನಗೆ ಬಹಳ ಇಷ್ಟ. ಅಮೆರಿಕದ ಗರ್ಟ್ರೂಡ್ ಎಲಿಯನ್ ಎಂಬ ರಸಾಯನ ವಿಜ್ಞಾನಿ ಇದ್ದರು. ಪಿಎಚ್‌ಡಿ ಮುಗಿಸಲು ಆಗಿರಲಿಲ್ಲ. 1960ರ ದಶಕದ ಶುರುವಿನಲ್ಲಿ ಕಿಡ್ನಿ ಕಸಿಯನ್ನು ಸಾಧ್ಯವಾಗಿಸಿದ ಅಜಥಯೊಪ್ರಿನ್ ಅವರ ಪ್ರಯೋಗಾಲಯದಿಂದ ಬಂತು. ಹರ್ಪಿಸ್ ವೈರಸ್‌ಗಳ ವಿರುದ್ಧ ಮೊದಲ ಸಮರ್ಥ ಮಾತ್ರೆ ಅಸೈಕ್ಲೋವಿರ್ ಬಂದದ್ದೂ ಅಲ್ಲಿಂದಲೇ. ನಿರೋಧಕ ಶಕ್ತಿ ಇಳಿಸುವ ಮದ್ದು, ಅದರಿಂದ ಏಳುವ ವೈರಸ್ಸಿಗೆ ಮದ್ದು, ಎರಡರ ಹಿಂದೆಯೂ ಒಬ್ಬರೇ. 1988ರಲ್ಲಿ ಅವರಿಗೆ ನೊಬೆಲ್ ಬಂತು. ಅಸೈಕ್ಲೋವಿರ್ ಹಾಗೇ ಇದ್ದರೆ ಏನೂ ಮಾಡುವುದಿಲ್ಲ. ವೈರಸ್ಸಿನದೇ ಒಂದು ಕಿಣ್ವ ಅದನ್ನು ಮುಟ್ಟಿದಾಗ ಮಾತ್ರ ಅದು ವೈರಸ್ಸಿಗೆ ವಿಷವಾಗುತ್ತದೆ. ಸಿಎಂವಿಯಲ್ಲಿ ಆ ಕಿಣ್ವ ಇಲ್ಲ. ಆದರೆ ಬೇರೊಂದಿದೆ, ಅದು ಗ್ಯಾನ್‌ಸೈಕ್ಲೋವಿರ್ ಎಂಬ ತಮ್ಮನನ್ನು ಎಬ್ಬಿಸುತ್ತದೆ. ನುಂಗಲು ಬರುವ ಹಾಗೆ ಮಾಡಿದ್ದೇ ವ್ಯಾಲ್‌ಗ್ಯಾನ್‌ಸೈಕ್ಲೋವಿರ್.

ಇಷ್ಟು ವಿವರ ಹೇಳಿದ್ದಕ್ಕೆ ಕಾರಣವಿದೆ. ಮಾತ್ರೆ ದುಬಾರಿ. ‘ಜ್ವರ ಬಿಟ್ಟಿದೆಯಲ್ಲ, ದಿನಕ್ಕೆ ಒಂದು ಸಾಕು’ ಎಂದು ಮನೆಯಲ್ಲೇ ಡೋಸ್ ಅರ್ಧ ಮಾಡುವವರನ್ನು ಕಂಡಿದ್ದೇನೆ. ಅರೆಬರೆ ಮದ್ದಿನಲ್ಲಿ ವೈರಸ್ ಪೂರ್ತಿ ನಿಲ್ಲುವುದಿಲ್ಲ. ಬೆಳೆಯುತ್ತಾ ಬೆಳೆಯುತ್ತಾ ಆ ಕಿಣ್ವದ ರೂಪ ಬದಲಾದ ವೈರಸ್ ಹುಟ್ಟುತ್ತದೆ. ಆಗ ಮಾತ್ರೆ ಎಷ್ಟು ನುಂಗಿದರೂ ಎಚ್ಚರಗೊಳ್ಳುವುದಿಲ್ಲ. ಆಮೇಲೆ ಉಳಿಯುವುದು ಫೋಸ್ಕಾರ್ನೆಟ್ ಎಂಬ ಇಂಜೆಕ್ಷನ್, ಅದು ಕಿಡ್ನಿಗೇ ಪೆಟ್ಟು. ಮರಿಬಾವಿರ್ ಎಂಬ ಹೊಸ ಮಾತ್ರೆಗೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿದೆ. ಆ ಹಂತಕ್ಕೆ ಹೋಗುವುದೇ ಬೇಡ. ಡೋಸನ್ನು ಕಿಡ್ನಿಯ ಕೆಲಸ ನೋಡಿ ಲೆಕ್ಕ ಹಾಕಿರುತ್ತಾರೆ, ಅದನ್ನು ಬದಲಿಸುವ ಹಕ್ಕು ಆ ವೈದ್ಯರಿಗೆ ಮಾತ್ರ. ಊಟದ ಜೊತೆಗೇ ನುಂಗಬೇಕು. ಖರ್ಚು ತಡೆಯಲಾಗದಿದ್ದರೆ ಬಾಯಿಬಿಟ್ಟು ಹೇಳಿ. ಬೇರೆ ಕಂಪನಿಯ ಕಡಿಮೆ ಬೆಲೆಯ ಅದೇ ಔಷಧಿ ಸಿಗಬಹುದು. ಸಂಕೋಚದಿಂದ ಡೋಸ್ ಇಳಿಸುವವರೇ ಕಷ್ಟಕ್ಕೆ ಬೀಳುತ್ತಾರೆ.

ರಿಪೋರ್ಟ್ ಓದುವ ಬಗೆ ಹೇಳುತ್ತೇನೆ. 18,600 ಎಂದರೆ ಒಂದು ಮಿಲಿಲೀಟರಿನಲ್ಲಿ ಇಷ್ಟು ಯೂನಿಟ್ ವೈರಸ್ ಎಂದು. ಈ ಪರೀಕ್ಷೆಗೆ ಪಿಸಿಆರ್ ಎನ್ನುತ್ತಾರೆ. ವಾರಕ್ಕೊಮ್ಮೆ ಮಾಡಿಸಲು ಹೇಳಿರುತ್ತಾರೆ. ಪ್ರತಿಸಲವೂ ಒಂದೇ ಲ್ಯಾಬಿನಲ್ಲಿ ಮಾಡಿಸಿ, ಲ್ಯಾಬಿನಿಂದ ಲ್ಯಾಬಿಗೆ ಸಂಖ್ಯೆ ಬದಲಾಗುತ್ತದೆ. ಸಿರ್ಸಿಯಲ್ಲೇ ರಕ್ತ ಕೊಟ್ಟು ಕಳಿಸುವುದಾದರೆ ನೇರಳೆ ಮುಚ್ಚಳದ ಟ್ಯೂಬ್, ತಡಮಾಡದೆ ಅದೇ ದಿನ ಹೊರಡಬೇಕು. ಸಂಖ್ಯೆ ಮೂರು ಪಟ್ಟಿಗಿಂತ ಜಾಸ್ತಿ ಏರಿದರೆ ಅಥವಾ ಇಳಿದರೆ ಮಾತ್ರ ಅದು ನಿಜವಾದ ಬದಲಾವಣೆ. 18,600 ಇದ್ದದ್ದು 25,000 ಆಯಿತು ಎಂದು ರಾತ್ರಿ ನಿದ್ದೆಗೆಡಬೇಡಿ. ಮೊದಲ ವಾರ ಸ್ವಲ್ಪ ಏರಲೂಬಹುದು, ಮಾತ್ರೆ ಸೋತಿದೆ ಎಂದು ಅರ್ಥವಲ್ಲ. ಸರಿಯಾದ ಡೋಸ್ ಎರಡು ವಾರ ತಪ್ಪದೇ ತೆಗೆದುಕೊಂಡೂ ಇಳಿಯದಿದ್ದರೆ ಆಗ ಡಾಕ್ಟರು ಬೇರೆ ದಾರಿ ನೋಡುತ್ತಾರೆ. ಸಾಮಾನ್ಯವಾಗಿ ಇಳಿಯುತ್ತದೆ. ಕಡಿಮೆ ಎಂದರೂ ಎರಡು ವಾರ, ಸಂಖ್ಯೆ ಪತ್ತೆಯಾಗದ ಮಟ್ಟಕ್ಕೆ ಇಳಿಯುವ ತನಕ ಮಾತ್ರೆ ಮುಂದುವರಿಯುತ್ತದೆ. ಹೌದು, ಇದು ಹತೋಟಿಗೆ ಬರುವ ಕಾಯಿಲೆ. ಮೈಯಿಂದ ಪೂರ್ತಿ ಹೋಗುವುದಿಲ್ಲ, ಮತ್ತೆ ಮಲಗುತ್ತದೆ.

ಬಿಳಿ ರಕ್ತಕಣ 2,300 ಎಂದಿರಿ. ಅದನ್ನು ವೈರಸ್ಸೂ ಇಳಿಸುತ್ತದೆ, ಮೈಕೋಫೆನೋಲೇಟ್ ಕೂಡ ಇಳಿಸುತ್ತದೆ, ಈಗ ಕೊಡುವ ವ್ಯಾಲ್‌ಗ್ಯಾನ್‌ಸೈಕ್ಲೋವಿರ್ ಕೂಡ ಇಳಿಸುತ್ತದೆ. ಮೈಕೋಫೆನೋಲೇಟನ್ನು ಅರ್ಧ ಮಾಡಿರಬಹುದು ಅಥವಾ ಕೆಲವು ದಿನ ನಿಲ್ಲಿಸಿರಬಹುದು. ಅದು ವೈದ್ಯರ ಲೆಕ್ಕಾಚಾರದ ಕೆಲಸ. ಜಾಸ್ತಿ ಇಳಿಸಿದರೆ ಕಿಡ್ನಿ ತಿರಸ್ಕಾರವಾಗುವ ಭಯ, ಇಳಿಸದಿದ್ದರೆ ವೈರಸ್ ಗೆಲ್ಲುವ ಭಯ. ಭೇದಿ ಇದ್ದಾಗ ಟ್ಯಾಕ್ರೋಲಿಮಸ್ ರಕ್ತದಲ್ಲಿ ಏರಿಬಿಡುತ್ತದೆ, ಹಾಗಾಗಿ ಅದರ ಮಟ್ಟವನ್ನೂ ನೋಡಿಸಬೇಕು. ಆ ರಕ್ತ ಕೊಡುವ ದಿನ ಬೆಳಗಿನ ಟ್ಯಾಕ್ರೋಲಿಮಸ್ ನುಂಗುವ ಮೊದಲೇ ಲ್ಯಾಬಿಗೆ ಹೋಗಬೇಕು, ಇದನ್ನು ಬಹಳ ಜನ ಮರೆಯುತ್ತಾರೆ.

ಈಗ ನಮ್ಮ ಊರಿನದೇ ಒಂದು ತೊಡಕು. ಜ್ವರ, ಮೈಕೈ ನೋವು, ಬಿಳಿ ರಕ್ತಕಣ ಕಡಿಮೆ, ಪ್ಲೇಟ್‌ಲೆಟ್ ಕಡಿಮೆ. ಇದನ್ನು ಮಳೆಗಾಲದಲ್ಲಿ ನೋಡಿದರೆ ಡೆಂಗ್ಯೂ ಎನ್ನುತ್ತಾರೆ. ಡಿಸೆಂಬರಿನಿಂದ ಮೇ ತನಕ ಸಿದ್ದಾಪುರ, ಸಿರ್ಸಿ ಕಡೆಯಲ್ಲಿ ನೋಡಿದರೆ ಮಂಗನ ಕಾಯಿಲೆ ಎನ್ನುತ್ತಾರೆ. ಗದ್ದೆಗೆ ಇಳಿದವರಲ್ಲಿ ಇಲಿಜ್ವರ. ಕಸಿಯಾದವರಲ್ಲಿ ಸಿಎಂವಿಯೂ ಇದೇ ವೇಷದಲ್ಲಿ ಬರುತ್ತದೆ. ನಿಮ್ಮ ಊರಿನ ಡಾಕ್ಟರು ಡೆಂಗ್ಯೂ, ಮಂಗನ ಕಾಯಿಲೆ ನೋಡಿಸಿದ್ದು ಸರಿಯಾದ ಕೆಲಸವೇ. ಕಸಿಯಾದ ಮೈಗೆ ಮಂಗನ ಕಾಯಿಲೆ ಬರುವುದಿಲ್ಲ ಎಂದೇನೂ ಇಲ್ಲ. ಅಣ್ಣ ಸೊಪ್ಪಿನ ಬೆಟ್ಟಕ್ಕೆ, ದರಕು (ಒಣ ಎಲೆ) ತರಲು ಹೋಗುವುದು ಬೇಡವೇ ಬೇಡ, ಮಂಗನ ಕಾಯಿಲೆ ಹರಡುವ ಉಣುಗು (ಉಣ್ಣೆ) ಹತ್ತುವ ಕಾಲದಲ್ಲಂತೂ ಬೇಡ. ನಾನು ನನ್ನ ಹತ್ತಿರ ಬರುವವರಿಗೆಲ್ಲ ಒಂದು ಕೆಲಸ ಹೇಳುತ್ತೇನೆ. ಒಂದು ದಪ್ಪ ಕಾಗದದಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿ ಕಿಸೆಯಲ್ಲಿ ಇಟ್ಟುಕೊಳ್ಳಿ: ಕಸಿಯಾದ ತಾರೀಕು, ನುಂಗುತ್ತಿರುವ ಮಾತ್ರೆಗಳು, ಕೊನೆಯ ಕ್ರಿಯಾಟಿನಿನ್, ಕಸಿ ವಿಭಾಗದ ಫೋನ್ ನಂಬರ್, ಜೊತೆಗೆ ‘ಜ್ವರ ಬಂದರೆ ಸಿಎಂವಿ ಪಿಸಿಆರ್ ನೋಡಿ’ ಎಂಬ ಒಂದು ಸಾಲು. ಮೈ ಶಾಖ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದೇ ದಿನ ಫೋನ್ ಮಾಡಬೇಕು. ನಾಳೆ ನೋಡೋಣ ಎಂಬುದು ಬೇಡ.

ನಮ್ಮ ಜಿಲ್ಲೆಯವರಿಗೆ ದೂರವೂ ಒಂದು ಕಾಯಿಲೆ ಇದ್ದ ಹಾಗೆ. ಇಂಥ ಚಿಕಿತ್ಸೆಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಎಂದು ಓಡಬೇಕು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ವರ್ಷಗಳಿಂದ ಕೇಳುತ್ತಿರುವುದು ಸುಮ್ನೆ ಅಲ್ಲ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ದಿನಗಟ್ಟಲೆ ಮುಚ್ಚಿತ್ತು, ನೆನಪಿದೆ ಅಲ್ವಾ? ಮಳೆಗಾಲ ಶುರುವಾಗುವ ಮೊದಲು ಎಲ್ಲಾ ಮಾತ್ರೆಗಳೂ ಮೂರು ವಾರದಷ್ಟು ಜಾಸ್ತಿ ಮನೆಯಲ್ಲಿ ಇರಲಿ.

ಕ್ಯಾನ್ಸರ್ ಪ್ರಶ್ನೆ. ನಿಮ್ಮ ನೆಂಟರು ಓದಿದ್ದು ಪೂರ್ತಿ ಸುಳ್ಳಲ್ಲ, ಆದರೆ ಬೇರೆಯವರ ಹೆಸರಿನ ಪತ್ರವನ್ನು ನಿಮ್ಮ ಮನೆಗೆ ಹಾಕಿದ್ದಾರೆ. ಸಿಎಂವಿಯಿಂದ ಕ್ಯಾನ್ಸರ್ ಬರುತ್ತದೆ ಎಂದು ಸಾಬೀತಾಗಿಲ್ಲ. ಕ್ಯಾನ್ಸರ್ ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಖಚಿತವಾಗಿ ಹೇಳಿರುವುದು ಈ ಮನೆತನದ ಬೇರೆ ಇಬ್ಬರನ್ನು, ನಾಲ್ಕನೆಯದು ಮತ್ತು ಎಂಟನೆಯದು.

ನಾಲ್ಕನೆಯದು ಎಪ್‌ಸ್ಟೈನ್–ಬಾರ್ ವೈರಸ್, ಚಿಕ್ಕದಾಗಿ ಇಬಿವಿ. ಉಗಾಂಡದಲ್ಲಿದ್ದ ಸರ್ಜನ್ ಡೆನಿಸ್ ಬರ್ಕಿಟ್ 1958ರಲ್ಲಿ ಅಲ್ಲಿನ ಮಕ್ಕಳ ದವಡೆಯಲ್ಲಿ ಬೆಳೆಯುತ್ತಿದ್ದ ಒಂದು ಗಡ್ಡೆಯ ಬಗ್ಗೆ ಬರೆದರು. 1961ರಲ್ಲಿ ಲಂಡನ್ನಿನಲ್ಲಿ ಅವರ ಭಾಷಣ ಕೇಳಿದ ಆಂಥನಿ ಎಪ್‌ಸ್ಟೈನ್ ಎಂಬ ತರುಣ ವಿಜ್ಞಾನಿಗೆ ಇದರ ಹಿಂದೆ ವೈರಸ್ ಇರಬಹುದು ಅನ್ನಿಸಿತು. ಗಡ್ಡೆಯ ಚೂರುಗಳನ್ನು ವಿಮಾನದಲ್ಲಿ ತರಿಸುತ್ತಾ ಹೋದರು. ಎರಡು ವರ್ಷ ಏನೂ ಸಿಗಲಿಲ್ಲ. 1963ರ ಡಿಸೆಂಬರಿನಲ್ಲಿ ಲಂಡನ್ ಮಂಜಿನಿಂದ ಮುಚ್ಚಿ ವಿಮಾನ ಮ್ಯಾಂಚೆಸ್ಟರಿಗೆ ಹೋಯಿತು. ಚೂರು ತಡವಾಗಿ ಕೈಸೇರಿದಾಗ ಅದರ ನೀರು ಕದಡಿತ್ತು. ಕೆಟ್ಟಿದೆ ಎಂದು ಚೆಲ್ಲುವ ಬದಲು ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಗಡ್ಡೆಯಿಂದ ಬಿಡಿಬಿಡಿಯಾಗಿ ಕಳಚಿ ತೇಲುತ್ತಿದ್ದ ಜೀವಂತ ಕಣಗಳು! ಅವನ್ನೇ ಬೆಳೆಸಿ, 1964ರಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಹರ್ಪಿಸ್ ಮನೆತನದ ಹೊಸ ವೈರಸ್ಸನ್ನು ಕಂಡರು. ಇವೋನ್ ಬಾರ್, ಬರ್ಟ್ ಅಚಾಂಗ್ ಜೊತೆಗಿದ್ದರು. ಮನುಷ್ಯರಲ್ಲಿ ಕ್ಯಾನ್ಸರಿಗೆ ಸಂಬಂಧಪಟ್ಟ ಮೊದಲ ವೈರಸ್ ಸಿಕ್ಕಿದ್ದು ಹೀಗೆ.

ಈ ಇಬಿವಿಯೂ ಜಗತ್ತಿನ ಹತ್ತರಲ್ಲಿ ಒಂಬತ್ತು ಜನರಿಗಿಂತ ಜಾಸ್ತಿ ಮಂದಿಯಲ್ಲಿ ಇದೆ, ಅವರಲ್ಲಿ ಬಹುತೇಕರಿಗೆ ಕ್ಯಾನ್ಸರ್ ಬರುವುದಿಲ್ಲ. ಅದು ಬಿ ಕಣಗಳೆಂಬ ಬಿಳಿ ರಕ್ತಕಣಗಳಲ್ಲಿ ಕೂರುತ್ತದೆ, ಅವುಗಳಿಗೆ ಸಾಯದೆ ಬೆಳೆಯುತ್ತಲೇ ಇರುವ ಗುಣ ಕೊಡುತ್ತದೆ. ಟಿ ಕಣಗಳು ಅಂಥವನ್ನು ಹುಡುಕಿ ತೆಗೆಯುತ್ತಲೇ ಇರುತ್ತವೆ. ಕಸಿಯ ಮಾತ್ರೆಗಳಿಂದ ಟಿ ಕಣ ಸುಸ್ತಾದರೆ ಬಿ ಕಣಗಳು ಗಂಟು ಕಟ್ಟಬಹುದು. ಇದು ಕಸಿಯ ನಂತರದ ಲಿಂಫೋಮಾ, ಅಂದರೆ ಆ ಬಿಳಿ ರಕ್ತಕಣಗಳ ಕ್ಯಾನ್ಸರ್. ದೊಡ್ಡವರಲ್ಲಿ ಕಿಡ್ನಿ ಕಸಿಯ ನಂತರದ ವರ್ಷಗಳಲ್ಲಿ ನೂರರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಮಕ್ಕಳಲ್ಲಿ ಜಾಸ್ತಿ, ಯಾಕೆಂದರೆ ಅವರಿಗೆ ಇಬಿವಿ ಮೊದಲ ಸಲ ಕಸಿಯ ಜೊತೆಗೇ ಬರಬಹುದು. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಗಂಟು, ಕಾರಣವಿಲ್ಲದೆ ಬಿಡದ ಜ್ವರ, ತೂಕ ಇಳಿಯುವುದು, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು ಕಂಡರೆ ತೋರಿಸಬೇಕು. ಇದರಲ್ಲೊಂದು ವಿಶೇಷವಿದೆ. ನಿರೋಧಕ ಶಕ್ತಿ ಇಳಿಸುವ ಮಾತ್ರೆ ಕಡಿಮೆ ಮಾಡಿದ ಮಾತ್ರಕ್ಕೆ ಕರಗುವ ಗಡ್ಡೆಗಳೂ ಇವೆ. ಟಿ ಕಣಗಳು ಮತ್ತೆ ಕೆಲಸಕ್ಕೆ ಇಳಿಯುತ್ತವೆ. ಕರಗದಿದ್ದರೆ ರಿಟುಕ್ಸಿಮ್ಯಾಬ್ ಇಂಜೆಕ್ಷನ್, ಕೀಮೋ ಇವೆ.

ಎಂಟನೆಯ ವೈರಸ್ಸಿನಿಂದ ಬರುವುದು ಕಪೋಸಿ ಸಾರ್ಕೋಮಾ, ಚರ್ಮದ ಮೇಲೆ ನೇರಳೆ ಮಚ್ಚೆಗಳು. ವಿಯೆನ್ನಾದ ಮೊರಿಟ್ಜ್ ಕಪೋಸಿ 1872ರಲ್ಲಿ ಕಾಯಿಲೆಯನ್ನು ಬಣ್ಣಿಸಿದರು. ವೈರಸ್ ಸಿಕ್ಕಿದ್ದು 1994ರಲ್ಲಿ, ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ದಂಪತಿಗೆ. ನಮ್ಮಲ್ಲಿ ಅಪರೂಪ. ಟ್ಯಾಕ್ರೋಲಿಮಸ್ ಬದಲು ಸಿರೋಲಿಮಸ್ ಎಂಬ ಬೇರೆ ಮಾತ್ರೆ ಕೊಟ್ಟರೆ ಮಚ್ಚೆಗಳು ಮಾಯವಾಗಿ ಕಿಡ್ನಿಯೂ ಉಳಿಯುವುದುಂಟು.

ಅಣ್ಣನ ಕ್ಯಾನ್ಸರ್ ಬಗ್ಗೆ ನನಗೆ ನಿಜವಾಗಿ ಚಿಂತೆ ಇರುವುದು ಬೇರೆ ಕಡೆ. ಅವನು ಕವಳ, ಅಂದರೆ ಎಲೆ ಅಡಿಕೆ, ಹಾಕುತ್ತಾನಾ? ಅಡಿಕೆಯ ಊರಿನಲ್ಲಿ ಹುಟ್ಟಿದವನಾಗಿ ಹೇಳಲು ಕಷ್ಟವೇ, ಆದರೂ ಹೇಳಬೇಕು. ಹೊಗೆಸೊಪ್ಪು ಇಲ್ಲದ ಕವಳವೂ ಬಾಯಿ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಕ್ಯಾನ್ಸರ್ ವಿಭಾಗ 2004ರಲ್ಲೇ ಪ್ರಕಟಿಸಿದೆ. ಕಾವಲು ಸಡಿಲಾದ ಮೈಗೆ ಅದು ಇನ್ನೂ ಕೆಟ್ಟದ್ದು. ಬೆಳೆ ನಮ್ಮ ಜೀವನ, ಅದನ್ನು ಬೆಳೆಯಲಿ, ಮಾರಲಿ. ಬಾಯಿಗೆ ಹಾಕುವುದು ಬೇಡ.

ಈಗ ನಿಮ್ಮ ವಿಷಯ. ಬಸುರಿಯಲ್ಲಿ ಮೊದಲ ಸಲ ಸಿಎಂವಿ ಬಂದರೆ ಮಗುವಿನ ಕಿವಿಗೆ, ಮೆದುಳಿಗೆ ತೊಂದರೆಯಾಗಬಹುದು. ಮೊದಲೇ ಬಂದು ಹೋದವರಲ್ಲಿ ಆ ಅಪಾಯ ಬಹಳ ಕಡಿಮೆ, ಪೂರ್ತಿ ಇಲ್ಲವೆಂದಲ್ಲ. ನೀವು ಎರಡನೇ ಗುಂಪಿನವರೇ ಆಗಿರುವ ಸಂಭವ ಜಾಸ್ತಿ. ನಿಮ್ಮ ಹೆರಿಗೆ ಡಾಕ್ಟರಿಗೆ ಮನೆಯ ಪರಿಸ್ಥಿತಿ ತಿಳಿಸಿ. ಇದು ಗಾಳಿಯಲ್ಲಿ ಹಾರಿ ಬರುವ ಕಾಯಿಲೆಯಲ್ಲ. ಒಂದೇ ಮನೆಯಲ್ಲಿರಿ, ಅಣ್ಣನ ಜೊತೆ ಕೂತು ಮಾತಾಡಿ. ಲೋಟ, ತಟ್ಟೆ ಬೇರೆ ಇರಲಿ, ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಮನೆಯಲ್ಲಿ ಎರಡು ಮೂರು ವರ್ಷದ ಮಕ್ಕಳಿದ್ದರೆ ಅಣ್ಣನಿಗಿಂತ ಅವರ ಜೊಲ್ಲು, ಮೂತ್ರವೇ ಬಸುರಿಯರಿಗೆ ಸಿಎಂವಿ ತರುವುದು ಜಾಸ್ತಿ.

ಆದರೆ ಆ ಮಾತ್ರೆ ಡಬ್ಬಿ ಇವತ್ತಿನಿಂದ ನಿಮ್ಮ ಕೈಯಲ್ಲಿ ಬೇಡ. ವ್ಯಾಲ್‌ಗ್ಯಾನ್‌ಸೈಕ್ಲೋವಿರ್, ಮೈಕೋಫೆನೋಲೇಟ್ ಎರಡೂ ಹೊಟ್ಟೆಯಲ್ಲಿರುವ ಮಗುವಿಗೆ ಕೆಟ್ಟವು. ಮಾತ್ರೆ ಇಡಿಯಾಗಿದ್ದರೆ ಹೆದರಿಕೆ ಕಡಿಮೆ. ಒಡೆದದ್ದು, ಪುಡಿಯಾದದ್ದು ನಿಮ್ಮ ಚರ್ಮಕ್ಕೆ ತಾಗಬಾರದು. ಇಷ್ಟು ದಿನ ತುಂಬಿದ್ದಕ್ಕೆ ಗಾಬರಿಯಾಗಬೇಡಿ, ಇನ್ನು ಮುಂದೆ ಬೇಡ ಅಷ್ಟೇ. ಡಬ್ಬಿಯನ್ನು ಅತ್ತಿಗೆಯ ಕೈಗೆ ಕೊಡಿ. ಮಾತ್ರೆಯನ್ನು ಮುರಿಯದೆ ಇಡಿಯಾಗಿಯೇ ಹಾಕಲು ಹೇಳಿ. ಅವರಿಗೆ ಇನ್ನೊಂದು ವಿಷಯವೂ ಗೊತ್ತಿರಬೇಕು: ಅಣ್ಣ ವ್ಯಾಲ್‌ಗ್ಯಾನ್‌ಸೈಕ್ಲೋವಿರ್ ತೆಗೆದುಕೊಳ್ಳುವಷ್ಟು ದಿನ, ನಿಲ್ಲಿಸಿದ ಮೇಲೆ 90 ದಿನ ಕಾಂಡೋಮ್ ಬಳಸಬೇಕು. ವೈರಸ್ಸಿನ ಕಾರಣಕ್ಕಲ್ಲ, ಔಷಧಿ ಹುಟ್ಟುವ ಮಗುವಿಗೆ ತೊಂದರೆ ಮಾಡಬಾರದು ಎಂದು.

ಮನೆಮದ್ದಿನ ಬಗ್ಗೆ ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ. ‘ಶಕ್ತಿ ಬರಲಿ’ ಎಂದು ಯಾರಾದರೂ ಅಮೃತಬಳ್ಳಿ ಕಷಾಯ ತಂದುಕೊಟ್ಟೇ ಕೊಡುತ್ತಾರೆ. ಕಸಿಯಾದವರಿಗೆ ಅದು ಬೇಡ. ನಿರೋಧಕ ಶಕ್ತಿ ಕೆರಳಿದರೆ ಮೊದಲು ಏಟು ಬೀಳುವುದು ಆಯಿಯ ಕಿಡ್ನಿಗೆ. ಅಮೃತಬಳ್ಳಿ ಕುಡಿದು ಲಿವರಿಗೆ ಪೆಟ್ಟಾದವರ ಬಗ್ಗೆ 2021ರಲ್ಲಿ ಮುಂಬೈಯ ವೈದ್ಯರು ಬರೆದಿದ್ದಾರೆ. ಹಿತ್ತಲಿನ ಚಕ್ಕೋತ ಹಣ್ಣೂ ಬೇಡ, ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತದೆ. ಮೈಕೈ ನೋವಿಗೆ ಮೆಡಿಕಲ್ ಶಾಪಿನ ನೋವಿನ ಗುಳಿಗೆ ಬೇಡ, ಪ್ಯಾರಾಸಿಟಮಾಲ್ ಸಾಕು. ಊರಿನಲ್ಲಿ ಯಾರಿಗಾದರೂ ಅಮ್ಮ ಬಂದಿದ್ದರೆ ಅಣ್ಣ ಆ ಮನೆಗೆ ಹೋಗಬಾರದು. ಗೊತ್ತಿಲ್ಲದೆ ಹೋಗಿ ಬಂದರೆ ಅದೇ ದಿನ ಕಸಿ ವಿಭಾಗಕ್ಕೆ ತಿಳಿಸಬೇಕು. ಅವನಿಗೇ ಸೊಂಟದಲ್ಲೋ ಪಕ್ಕೆಯಲ್ಲೋ ಒಂದೇ ಬದಿಗೆ ಉರಿ, ಗುಳ್ಳೆ ಬಂದರೆ ಸೊಪ್ಪು ಅರೆದು ಹಚ್ಚಿ ಕಾಯುವುದು ಬೇಡ. ಸರ್ಪಸುತ್ತಿನ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಸರ್ಪಸುತ್ತಿಗೆ ಜೀವಂತ ವೈರಸ್ ಇಲ್ಲದ ಲಸಿಕೆ 2023ರಿಂದ ನಮ್ಮಲ್ಲೂ ಸಿಗುತ್ತಿದೆ. ಈ ಗಲಾಟೆ ಮುಗಿದ ಮೇಲೆ ಯಾವಾಗ ಹಾಕಿಸಬಹುದು ಎಂದು ವೈದ್ಯರನ್ನು ಕೇಳಿ. ಜೀವಂತ ಲಸಿಕೆಗಳು ಮಾತ್ರ ಅವನಿಗೆ ಕೂಡದು.

ಹಳೇ ಫೈಲಿನಲ್ಲಿ ಆಯಿಯ ಮತ್ತು ಅಣ್ಣನ ಐಜಿಜಿ ರಿಪೋರ್ಟ್ ಸಿಕ್ಕಿದರೆ, ಎರಡು ವಾರದ ನಂತರದ ಪಿಸಿಆರ್ ಸಂಖ್ಯೆಯ ಜೊತೆ ಬರೆದು ಕಳಿಸಿ. ಬಿಳಿ ರಕ್ತಕಣ ಎಷ್ಟಿದೆ ಎಂಬುದನ್ನೂ ಸೇರಿಸಿ.